ಧಮನಿ ಕೊಳಾಯಿಯಲ್ಲ

ಹೃದ್ರೋಗದ ಮಾತು ಬಂದಾಗಲೆಲ್ಲ ನಮ್ಮ ಶೆಟ್ಟಿಹಳ್ಳಿಯಲ್ಲಿ ಒಂದು ಉಪಮೆ ತಪ್ಪದೆ ಕೇಳಬರುತ್ತದೆ. ಬೆಂಗಳೂರಿನ ಉತ್ತರದಲ್ಲಿ, ಜಾಲಹಳ್ಳಿಯ ಮಗ್ಗುಲಲ್ಲಿರುವ ಈ ಊರು ಹಿಂದೆ ಹಳ್ಳಿಯಾಗಿದ್ದು ಈಗ ನಗರದೊಳಕ್ಕೆ ಸೇರಿಹೋಗಿದೆ. ಕೊಳವೆಬಾವಿಯ ಗಡಸು ನೀರಿನ ಗುಣ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಅಂಥ ನೀರು ಹರಿದ ಕೊಳಾಯಿಯನ್ನು ಕೆಲವು ವರ್ಷಗಳ ಮೇಲೆ ಕೊಯ್ದು ನೋಡಿದರೆ ಒಳಗೆಲ್ಲ ಬಿಳಿಯ ಉಪ್ಪು ಪದರಗಟ್ಟಿ ದಾರಿ ಕಿರಿದಾಗಿರುತ್ತದೆ. ‘ಮನುಷ್ಯನ ರಕ್ತನಾಳವೂ ಹೀಗೆಯೇ. ತಿಂದ ಎಣ್ಣೆ ತುಪ್ಪ ಒಳಗೆ ಕಟ್ಟುತ್ತಾ ಬರುತ್ತದೆ. ಪೂರ್ತಿ ಕಟ್ಟಿದ ದಿನ ಮನುಷ್ಯ ಹೋಗುತ್ತಾನೆ’ ಎಂದು ಹಿರಿಯರು ಕಿರಿಯರಿಗೆ ತಿಳಿಯಹೇಳುತ್ತಾರೆ. ಶಾಲೆಯಲ್ಲಿ ಜೀವವಿಜ್ಞಾನ ಕಲಿಸುತ್ತಿದ್ದವನೆಂದು ನನ್ನ ಬಳಿಗೂ ಈ ಮಾತಿಗೆ ಸಾಕ್ಷಿ ಕೇಳಿಕೊಂಡು ಬಂದವರುಂಟು.

ಉಪಮೆ ಸುಲಭವಾದುದು, ಆದುದರಿಂದಲೇ ಅದು ಇಷ್ಟು ದೂರ ನಡೆದುಬಂದಿದೆ. ಆದರೆ ಅದರ ಮರೆಯಲ್ಲಿ ಮೂರು ಮುಖ್ಯ ಸಂಗತಿಗಳು ಮುಚ್ಚಿಹೋಗುತ್ತವೆ. ಕೊಳಾಯಿ ಜಡವಸ್ತು, ಧಮನಿ ಸಜೀವವಾದ ಅಂಗ. ಕೊಳಾಯಿಯಲ್ಲಿ ಉಪ್ಪು ಕಟ್ಟುವುದು ಒಳಮೈಯ ಮೇಲೆ; ಧಮನಿಯಲ್ಲಿ ರೋಗ ಬೆಳೆಯುವುದು ಗೋಡೆಯ ಒಡಲಿನಲ್ಲಿ. ಕೊಳಾಯಿ ಮುಚ್ಚುವುದು ಮೆಲ್ಲಮೆಲ್ಲನೆ; ಹೃದಯದ ಧಮನಿ ಮುಚ್ಚುವುದು ಬಹುಮಟ್ಟಿಗೆ ಕೆಲವು ನಿಮಿಷಗಳಲ್ಲಿ. ಈ ಮೂರು ಭೇದಗಳನ್ನು ಮನಸ್ಸಿಗೆ ತಂದುಕೊಂಡರೆ, ಚಿಕಿತ್ಸೆ ಯಾವಾಗ ಆರಂಭವಾಗಬೇಕೆಂಬ ನಮ್ಮ ಎಣಿಕೆಯೇ ಬದಲಾಗುತ್ತದೆ. ಅದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ರೋಗದ ಹೆಸರು ಅಥೆರೋಸ್ಕ್ಲೆರೋಸಿಸ್. ೧೯೦೪ರಲ್ಲಿ ಫೆಲಿಕ್ಸ್ ಮಾರ್ಷಾಂಡ್ ಎಂಬ ಜರ್ಮನ್ ರೋಗವಿಜ್ಞಾನಿ ಎರಡು ಗ್ರೀಕ್ ಮಾತುಗಳನ್ನು ಬೆಸೆದು ಈ ಹೆಸರನ್ನು ಮಾಡಿದನು. ಮೊದಲನೆಯದಕ್ಕೆ ಅಂಬಲಿಯೆಂದೂ ಎರಡನೆಯದಕ್ಕೆ ಗಡಸಾಗುವುದೆಂದೂ ಅರ್ಥ. ಗೋಡೆಯೊಳಗೆ ಅಂಬಲಿಯಂಥ ಮೆತ್ತನೆಯ ತಿರುಳು, ಅದರ ಮೇಲೆ ಗಟ್ಟಿಯಾದ ಹೊದಿಕೆ—ರೋಗದ ಚಿತ್ರವೆಲ್ಲ ಈ ಒಂದು ಹೆಸರಿನಲ್ಲಿಯೇ ಅಡಗಿದೆ. ಇದು ನಮ್ಮ ಕಾಲಕ್ಕೇ ಹುಟ್ಟಿದ ರೋಗವೆಂದು ತಿಳಿಯಲಾಗದು. ಈಜಿಪ್ಟ್, ಪೆರು ಮೊದಲಾದ ದೇಶಗಳ ೧೩೭ ಪ್ರಾಚೀನ ಶವಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳಲ್ಲಿ ಮೂರರಲ್ಲೊಂದು ಪಾಲು ಶವಗಳಲ್ಲಿ ಇದರ ಗುರುತು ಇದ್ದಿತು.

ಕಾರಣದ ವಿಚಾರದಲ್ಲಿ ವಿದ್ವಾಂಸರು ಬಹುಕಾಲ ಎರಡು ಪಂಗಡವಾಗಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ ರುಡಾಲ್ಫ್ ವಿರ್ಕೋ ಇದನ್ನು ಗೋಡೆಯ ಉರಿಯೂತವೆಂದು ಬಗೆದನು. ೧೯೧೩ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿ, ಅವುಗಳ ಧಮನಿಗಳಲ್ಲಿ ಮನುಷ್ಯನ ರೋಗವನ್ನು ಹೋಲುವ ವಿಕಾರವನ್ನು ಉಂಟುಮಾಡಿ ತೋರಿಸಿದನು. ಒಬ್ಬನ ಪಕ್ಷ ಗಾಯದ್ದು, ಇನ್ನೊಬ್ಬನ ಪಕ್ಷ ಕೊಬ್ಬಿನದು. ನೂರು ವರ್ಷಗಳ ಮೇಲೆ ನೋಡಿದರೆ, ಇಬ್ಬರೂ ಒಂದೇ ಆನೆಯನ್ನು ಮುಟ್ಟಿದ್ದರೆಂದೇ ಹೇಳಬೇಕು.

ಧಮನಿಯ ಒಳಮೈಯನ್ನು ಒಂದೇ ಒಂದು ಕೋಶದಷ್ಟು ದಪ್ಪವಿರುವ ಪೊರೆ ಮುಚ್ಚಿದೆ. ರಕ್ತವನ್ನು ಹೆಪ್ಪುಗಟ್ಟಗೊಡದೆ, ನಾಳವನ್ನು ಸಮಯಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಜಾಣತನವೆಲ್ಲ ಈ ಪೊರೆಯದು. ಕೊಲೆಸ್ಟರಾಲು ನೀರಿನಲ್ಲಿ ಕರಗುವ ವಸ್ತುವಲ್ಲ. ಆದುದರಿಂದ ಅದು ಪ್ರೋಟೀನು ಸುತ್ತಿದ ಸಣ್ಣ ಸಣ್ಣ ಮೂಟೆಗಳಾಗಿ ರಕ್ತದಲ್ಲಿ ಸಂಚರಿಸುತ್ತದೆ. ಇವುಗಳಲ್ಲಿ ಎಲ್.ಡಿ.ಎಲ್. ಎಂಬ ಮೂಟೆಗಳು ಪೊರೆಯನ್ನು ದಾಟಿ ಗೋಡೆಯೊಳಗೆ ನುಸುಳಬಲ್ಲವು. ಧಮನಿ ಕವಲೊಡೆಯುವ ಕಡೆ, ತಿರುವುಗಳ ಕಡೆ, ರಕ್ತದ ಹರಿವು ಸುಳಿಸುತ್ತುವುದರಿಂದ ಪೊರೆ ಬಲಗುಂದಿರುತ್ತದೆ. ಅಲ್ಲಿ ಈ ನುಸುಳುವಿಕೆ ಹೆಚ್ಚು. ಹೊಗೆಸೊಪ್ಪು, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ—ಇವೆಲ್ಲ ಪೊರೆಯನ್ನು ಇನ್ನಷ್ಟು ಕೆಡಿಸುತ್ತವೆ. ಒಳಹೊಕ್ಕ ಮೂಟೆಗಳು ಗೋಡೆಯ ನಾರಿಗೆ ಅಂಟಿಕೊಂಡು, ಅಲ್ಲಿಯೇ ಕೆಟ್ಟು, ರಾಸಾಯನಿಕವಾಗಿ ಮಾರ್ಪಡುತ್ತವೆ.

ಕೆಟ್ಟ ವಸ್ತುವನ್ನು ಕಂಡ ಕೂಡಲೆ ದೇಹ ತನ್ನ ಕಾವಲುಗಾರರನ್ನು ಕಳುಹಿಸುತ್ತದೆ. ರಕ್ತದ ಬಿಳಿಯ ಕೋಶಗಳಲ್ಲಿ ಒಂದು ಜಾತಿಯವು ಗೋಡೆಯೊಳಗೆ ಇಳಿದು ದೊಡ್ಡ ಭಕ್ಷಕಕೋಶಗಳಾಗಿ, ಕೆಟ್ಟ ಮೂಟೆಗಳನ್ನು ಒಂದೊಂದಾಗಿ ನುಂಗತೊಡಗುತ್ತವೆ. ಆದರೆ ನುಂಗಿದ ಕೊಲೆಸ್ಟರಾಲನ್ನು ಅರಗಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ಹೊರಕ್ಕೆ ಸಾಗಿಸುವ ಕೆಲಸ ಒಳಬರುವ ಪ್ರಮಾಣಕ್ಕೆ ಸಾಲದೆ ಹೋದಾಗ ಅವು ಕೊಬ್ಬಿನ ಹನಿಗಳಿಂದ ತುಂಬಿ ನೊರೆಯಂತೆ ಕಾಣುತ್ತವೆ, ಕೊನೆಗೆ ಅಲ್ಲಿಯೇ ಸಾಯುತ್ತವೆ. ಸತ್ತವುಗಳನ್ನು ಎತ್ತಿಹಾಕಲು ಬಂದ ಭಕ್ಷಕಗಳಿಗೂ ಅದೇ ಗತಿ. ಮಾರ್ಷಾಂಡ್ ಹೇಳಿದ ಅಂಬಲಿ ಎಂದರೆ ಈ ರಣರಂಗದ ಅವಶೇಷ. ಇದನ್ನು ಬೇರ್ಪಡಿಸಿಡಲು ಗೋಡೆಯ ಸ್ನಾಯುಕೋಶಗಳು ಮೇಲೆ ಬಂದು ನಾರಿನ ಮುಚ್ಚಳವನ್ನು ನೇಯುತ್ತವೆ. ಹೀಗೆ ಒಂದು ಗಂಟು ಸಿದ್ಧವಾಗುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ದೇಹ ಮಾಡುತ್ತಿರುವುದು ರಿಪೇರಿಯೇ. ಗಾಯದ ಕಾರಣ ನಿಲ್ಲದೆ ಇರುವುದರಿಂದ ರಿಪೇರಿಯೇ ರೋಗವಾಗುತ್ತದೆ.

ಇನ್ನು ಮೂರನೆಯ ಭೇದ. ಗಂಟು ಬೆಳೆದಂತೆ ಧಮನಿ ಸುಮ್ಮನಿರುವುದಿಲ್ಲ; ಹೊರಮುಖವಾಗಿ ಹಿಗ್ಗಿ ರಕ್ತದ ದಾರಿಯನ್ನು ಉಳಿಸಿಕೊಳ್ಳುತ್ತದೆ. ೧೯೮೭ರಲ್ಲಿ ಸೀಮೂರ್ ಗ್ಲಾಗೋವ್ ಮತ್ತು ಸಂಗಡಿಗರು ಇದನ್ನು ಅಳೆದು ತೋರಿಸಿದರು: ಗೋಡೆಯ ಜಾಗದ ಶೇಕಡ ೪೦ರಷ್ಟನ್ನು ಗಂಟು ಆಕ್ರಮಿಸುವ ತನಕ ದಾರಿ ಕಿರಿದಾಗದೆ ಇರಬಹುದು. ಎಂದರೆ ದಾರಿಯನ್ನು ಮಾತ್ರ ನೋಡುವ ಪರೀಕ್ಷೆಗೆ ರೋಗಿ ನೀರೋಗಿಯಾಗಿ ಕಾಣುತ್ತಾನೆ. ಆದರೆ ಅಪಾಯವಿರುವುದು ಗಂಟಿನ ಗಾತ್ರದಲ್ಲಿ ಮಾತ್ರವಲ್ಲ, ಮುಚ್ಚಳದ ತೆಳುವಿನಲ್ಲಿ. ಉರಿಯೂತದಿಂದ ಸವೆದ ಮುಚ್ಚಳ ಒಂದು ದಿನ ಹರಿಯುತ್ತದೆ. ಒಳಗಿನ ತಿರುಳು ರಕ್ತವನ್ನು ಮುಟ್ಟುತ್ತದೆ. ಮುಟ್ಟಿದ ಕೂಡಲೆ ಅಲ್ಲಿ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಬಹಳಷ್ಟು ಹೃದಯಾಘಾತಗಳ ಕಥೆ ಇದೇ.

ಈ ಭೇದವನ್ನು ನಾನು ಅರಿತದ್ದು ಪುಸ್ತಕದಿಂದಲ್ಲ. ನನ್ನ ತಮ್ಮ ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ತೆಳು ಮೈ, ಮಿತವಾದ ಊಟ. ಬಿಡಲಾಗದೆ ಉಳಿದ ಚಟವೆಂದರೆ ಸಿಗರೇಟೊಂದೇ. ಟ್ರೆಡ್‌ಮಿಲ್‌ನ ಮೇಲೆ ನಡೆಸಿ ಮಾಡುವ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲವೆಂದು ಮನೆಯವರೆಲ್ಲ ಸಂತೋಷಪಟ್ಟೆವು. ನಾಲ್ಕು ತಿಂಗಳಿಗೆ, ನಲವತ್ತೆಂಟರ ವಯಸ್ಸಿನಲ್ಲಿ, ಒಂದು ಬೆಳಗಿನ ಎದೆನೋವಿನಲ್ಲಿ ಅವನು ತೀರಿಹೋದ. ‘ಪರೀಕ್ಷೆ ಸುಳ್ಳಾಯಿತೆ?’ ಎಂದು ನಮ್ಮ ತಾಯಿ ಬಹುದಿನ ಕೇಳುತ್ತಿದ್ದರು. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆ ‘ದಾರಿ ತೆರೆದಿದೆಯೆ?’ ಎಂಬುದು, ದಾರಿ ತೆರೆದೇ ಇದ್ದಿತು. ಗೋಡೆಯ ಸಂಗತಿಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ.

ಹಾಗಾದರೆ ಗೋಡೆಯ ಸಂಗತಿ ಎಂದು ಆರಂಭವಾಗುತ್ತದೆ? ೧೯೫೩ರಲ್ಲಿ ಅಮೆರಿಕದ ವೈದ್ಯರು ಕೊರಿಯ ಯುದ್ಧದಲ್ಲಿ ಮಡಿದ ೩೦೦ ಸೈನಿಕರ ಹೃದಯಗಳನ್ನು ಪರೀಕ್ಷಿಸಿ, ನಾಲ್ವರಲ್ಲಿ ಮೂವರ ಧಮನಿಗಳಲ್ಲಿ ಕಣ್ಣಿಗೆ ಕಾಣುವಷ್ಟು ವಿಕಾರವಿತ್ತೆಂದು ವರದಿ ಮಾಡಿದರು. ಆ ಸೈನಿಕರ ಸರಾಸರಿ ವಯಸ್ಸು ೨೨. ಇನ್ನೂ ಹಿಂದಕ್ಕೆ ಹೋಗಬೇಕಾದ ಸಾಕ್ಷ್ಯ ನಮ್ಮ ಮೈಸೂರಿನದೇ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಆ ಸ್ಥಳದಲ್ಲಿ, ಹುಟ್ಟಿದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿ ಇದ್ದಿತು. ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ ೫೧೭ ಸ್ತ್ರೀಪುರುಷರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ೧೯೯೬ರಲ್ಲಿ ಪ್ರಕಟವಾದ ಫಲ ಹೀಗಿದೆ: ಹುಟ್ಟಿದಾಗ ಎರಡೂವರೆ ಕಿಲೋಗ್ರಾಮೋ ಅದಕ್ಕಿಂತ ಕಡಿಮೆಯೋ ತೂಗಿದವರಲ್ಲಿ ಶೇಕಡ ೧೧ ಮಂದಿಗೆ ಹೃದಯಧಮನಿಯ ರೋಗ; ೩.೧ ಕಿಲೋಗ್ರಾಮಿಗೆ ಮೇಲ್ಪಟ್ಟವರಲ್ಲಿ ಶೇಕಡ ೩. ಹೆರಿಗೆಮನೆಯಲ್ಲಿ ಯಾರೋ ದಾದಿ ತಕ್ಕಡಿ ನೋಡಿ ಬರೆದ ಒಂದು ಅಂಕಿ, ಐವತ್ತು ವರ್ಷಗಳ ಮೇಲೆ ಆ ಶಿಶುವಿನ ಹೃದಯದ ವಿಚಾರದಲ್ಲಿ ಮಾತನಾಡಿತು. ತಾಯಿಯ ಹೊಟ್ಟೆಗೆ ಸಾಲದ ಅನ್ನವೂ ಈ ರೋಗದ ಕಾರಣಗಳಲ್ಲಿ ಸೇರುತ್ತದೆಂದ ಮೇಲೆ, ಇದನ್ನು ಉಂಡು ತೇಗಿದವರ ರೋಗವೆಂದು ತಳ್ಳಿಬಿಡುವುದು ಹೇಗೆ?

ಅದೇ ೧೯೯೬ರಲ್ಲಿ ಬೆಂಗಳೂರಿನ ಇನ್ನೊಂದು ಅಧ್ಯಯನ ಹೊರಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಹೋದ್ಯೋಗಿಗಳು ಹೃದಯಾಘಾತವಾದ ೨೦೦ ಮಂದಿಯನ್ನು ಆಗದ ೨೦೦ ಮಂದಿಯೊಡನೆ ಹೋಲಿಸಿದರು. ದಿನಕ್ಕೆ ಹತ್ತೋ ಅದಕ್ಕೆ ಹೆಚ್ಚೋ ಬೀಡಿ ಸಿಗರೇಟು ಸೇದುವುದು ಎಲ್ಲಕ್ಕಿಂತ ಪ್ರಬಲವಾದ ಕಾರಣವಾಗಿ ಕಂಡಿತು. ರಕ್ತದೊತ್ತಡ, ರಕ್ತದ ಸಕ್ಕರೆ, ಹೊಟ್ಟೆಯ ಬೊಜ್ಜು ಅದರ ಹಿಂದೆ ನಿಂತವು. ಇದೇ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಕಲಿತು ಮುಂದೆ ಕೆನಡದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರು ೫೨ ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ ೨೦೦೪ರಲ್ಲಿ ಪ್ರಕಟವಾಯಿತು. ತಿದ್ದಬಹುದಾದ ಒಂಬತ್ತು ಕಾರಣಗಳು ಅಪಾಯದ ಶೇಕಡ ೯೦ರಷ್ಟನ್ನು ವಿವರಿಸುತ್ತವೆಂದು ಅದು ಹೇಳಿತು. ಅದರ ಇನ್ನೊಂದು ಮಾತು ನಮ್ಮನ್ನು ಚುಚ್ಚುವಂಥದು: ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯದವರಲ್ಲಿ ೫೩, ಉಳಿದವರಲ್ಲಿ ಸುಮಾರು ೫೯. ಆರು ವರ್ಷಗಳೆಂದರೆ ಸಾಮಾನ್ಯವಲ್ಲ. ಮಗಳ ಓದು, ಮಗನ ಉದ್ಯೋಗ, ಮನೆಯ ಸಾಲ—ಇವೆಲ್ಲ ಅಷ್ಟರಲ್ಲಿಯೇ ಮುಗಿಯಬೇಕಾದ ಕೆಲಸಗಳಲ್ಲವೆ?

ಚಿಕಿತ್ಸೆಯ ಕಥೆ ಅಣಬೆಯ ಜಾತಿಯ ಒಂದು ಬೂಷ್ಟಿನಿಂದ ಆರಂಭವಾಗುತ್ತದೆ. ಜಪಾನಿನ ಅಕಿರ ಎಂಡೊ ಸುಮಾರು ೬,೦೦೦ ಸೂಕ್ಷ್ಮಜೀವಿಗಳನ್ನು ಶೋಧಿಸಿ, ೧೯೭೩ರಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಿಂದ ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಡೆಯುವ ವಸ್ತುವನ್ನು ಬೇರ್ಪಡಿಸಿದರು. ಅದೇ ಕಾಲಕ್ಕೆ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್, ಎಲ್.ಡಿ.ಎಲ್. ಮೂಟೆಗಳನ್ನು ರಕ್ತದಿಂದ ಹಿಡಿದೆಳೆದುಕೊಳ್ಳುವ ಗ್ರಾಹಕಗಳು ಜೀವಕೋಶಗಳ ಮೈಮೇಲೆ ಇರುವುದನ್ನು ಕಂಡುಹಿಡಿದರು. ಅದಕ್ಕಾಗಿ ೧೯೮೫ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಎಂಡೊ ತೋರಿದ ಹಾದಿಯಲ್ಲಿ ಬಂದ ಸ್ಟ್ಯಾಟಿನ್ ಔಷಧಿಗಳು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ಕುಗ್ಗಿಸುತ್ತವೆ. ಯಕೃತ್ತು ಆಗ ಹೆಚ್ಚು ಗ್ರಾಹಕಗಳನ್ನು ಹೊರಚಾಚಿ ರಕ್ತದಿಂದ ಎಲ್.ಡಿ.ಎಲ್. ಸೆಳೆದುಕೊಳ್ಳುತ್ತದೆ. ೧೯೯೪ರಲ್ಲಿ ಸ್ಕ್ಯಾಂಡಿನೇವಿಯದ ೪,೪೪೪ ಹೃದ್ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಇದರಿಂದ ಮರಣ ಶೇಕಡ ೩೦ರಷ್ಟು ತಗ್ಗಿತು. ವಾದವಿವಾದಗಳ ದೊಡ್ಡ ಭಾಗ ಅಲ್ಲಿಗೆ ಮುಗಿಯಿತು.

ಆದರೆ ಎಲ್ಲಕ್ಕಿಂತ ಅರ್ಥವತ್ತಾದ ಪ್ರಯೋಗವನ್ನು ನಿಸರ್ಗವೇ ಮಾಡಿ ಇಟ್ಟಿದ್ದಿತು. ಪಿ.ಸಿ.ಎಸ್.ಕೆ. ೯ ಎಂಬ ಪ್ರೋಟೀನು ಮೇಲೆ ಹೇಳಿದ ಗ್ರಾಹಕಗಳನ್ನು ನಾಶಪಡಿಸುತ್ತದೆ. ಅದರ ಜೀನು ಹುಟ್ಟಿನಿಂದಲೇ ನಿಷ್ಫಲವಾಗಿರುವ ಕೆಲವರನ್ನು ಅಮೆರಿಕದ ಕಪ್ಪು ಜನರ ನಡುವೆ ಗುರುತಿಸಿ, ೨೦೦೬ರಲ್ಲಿ ಲೆಕ್ಕ ಪ್ರಕಟಿಸಿದರು. ಅವರ ಎಲ್.ಡಿ.ಎಲ್. ಬೇರೆಯವರಿಗಿಂತ ಶೇಕಡ ೨೮ರಷ್ಟು ಮಾತ್ರ ಕಡಿಮೆ. ಹೃದಯಧಮನಿಯ ರೋಗವಾದರೋ ಶೇಕಡ ೮೮ರಷ್ಟು ಕಡಿಮೆ! ಅಷ್ಟೇ ಇಳಿಕೆಯನ್ನು ಅರುವತ್ತರ ವಯಸ್ಸಿನಲ್ಲಿ ಮಾತ್ರೆಯಿಂದ ಐದು ವರ್ಷ ಸಾಧಿಸಿದರೆ ಇದರ ಮೂರರಲ್ಲೊಂದು ಪಾಲಿನ ಲಾಭವೂ ಕಷ್ಟ. ಔಷಧಿಯ ಬಲ ಒಂದು, ಅದು ಕೆಲಸ ಮಾಡಿದ ಕಾಲ ಇನ್ನೊಂದು. ಈ ರೋಗದಲ್ಲಿ ಎರಡನೆಯದರ ತೂಕವೇ ಹೆಚ್ಚು.

ವಿರ್ಕೋನ ಪಕ್ಷಕ್ಕೂ ನ್ಯಾಯ ದೊರೆತದ್ದು ಈಚೆಗೆ. ೨೦೧೭ರಲ್ಲಿ ಹತ್ತು ಸಾವಿರಕ್ಕೆ ಮೇಲ್ಪಟ್ಟ ರೋಗಿಗಳಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸುವ ಕ್ಯಾನಕಿನುಮಾಬ್ ಎಂಬ ಔಷಧಿ ಹೃದಯಾಘಾತಾದಿಗಳನ್ನು ಶೇಕಡ ೧೫ರಷ್ಟು ಇಳಿಸಿತು. ಆದರೆ ಅದರಿಂದ ಪ್ರಾಣಾಂತಿಕ ಸೋಂಕುಗಳು ಹೆಚ್ಚಿದವು, ಬೆಲೆಯೂ ವಿಪರೀತ. ಹೃದ್ರೋಗಕ್ಕೆ ಅದು ಬಳಕೆಗೆ ಬರಲಿಲ್ಲ. ಆಗ ಎಲ್ಲರ ಕಣ್ಣು ಕಾಲ್ಚಿಸಿನ್ ಎಂಬ ಹಳೆಯ ಔಷಧಿಯ ಮೇಲೆ ಬಿದ್ದಿತು. ಗೌರಿ ಹಬ್ಬದ ಸುಮಾರಿಗೆ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವನ್ನು, ಅಗ್ನಿಶಿಖೆಯನ್ನು, ವಾಚಕರು ನೋಡಿರಬಹುದು. ಅದರ ಬೀಜ ಗೆಡ್ಡೆಗಳಲ್ಲಿರುವ ಘೋರ ವಿಷವೇ ಕಾಲ್ಚಿಸಿನ್. ದಿನಕ್ಕೆ ಅರ್ಧ ಮಿಲಿಗ್ರಾಮಿನಂತೆ ಕೊಟ್ಟಾಗ ೨೦೨೦ರ ಒಂದು ಪರೀಕ್ಷೆಯಲ್ಲಿ ಅಪಾಯ ಶೇಕಡ ೩೧ರಷ್ಟು ತಗ್ಗಿತು. ೨೦೨೩ರಲ್ಲಿ ಅಮೆರಿಕ ಅದನ್ನು ಹೃದ್ರೋಗಕ್ಕೆ ಅಂಗೀಕರಿಸಿತು. ೨೦೨೪ರಲ್ಲಿ ಏಳು ಸಾವಿರ ರೋಗಿಗಳ ಇನ್ನೊಂದು ಪರೀಕ್ಷೆಯಲ್ಲಿ ಲಾಭವೇ ಕಾಣಲಿಲ್ಲ. ವಿಜ್ಞಾನದ ನಡಿಗೆ ಹೀಗೆಯೇ. ‘ಒಳ್ಳೆಯ ಕೊಲೆಸ್ಟರಾಲು’ ಎಂದು ಹೊಗಳಿಸಿಕೊಂಡ ಎಚ್.ಡಿ.ಎಲ್. ಅನ್ನು ಬಹಳವಾಗಿ ಏರಿಸಿದ ಟಾರ್ಸೆಟ್ರಪಿಬ್ ಎಂಬ ಔಷಧಿಯ ಪರೀಕ್ಷೆಯನ್ನು, ಸಾವುಗಳು ಹೆಚ್ಚಿದುದರಿಂದ, ೨೦೦೬ರ ಡಿಸೆಂಬರಿನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ರಕ್ತದ ಅಂಕಿ ಸುಧಾರಿಸಿದರೆ ರೋಗಿ ಸುಧಾರಿಸಿದನೆಂದು ಹೇಳುವಂತಿಲ್ಲ.

ಈಗಿನ ಪ್ರಯೋಗಗಳು ಜೀನಿನ ಮಟ್ಟಕ್ಕೆ ಇಳಿದಿವೆ. ಪಿ.ಸಿ.ಎಸ್.ಕೆ. ೯ರ ತಯಾರಿಕೆಯನ್ನು ಅಡಗಿಸುವ ಇಂಕ್ಲಿಸಿರಾನ್ ಎಂಬ ಚುಚ್ಚುಮದ್ದನ್ನು, ಆರಂಭದ ಸೂಜಿಗಳ ಮೇಲೆ, ವರ್ಷಕ್ಕೆ ಎರಡು ಸಲ ಕೊಟ್ಟರೆ ಸಾಕು. ಒಂದೇ ಸಲ ಔಷಧಿ ಹರಿಸಿ ಯಕೃತ್ತಿನ ಆ ಜೀನನ್ನೇ ತಿದ್ದಿಬಿಡುವ ಪ್ರಯತ್ನದ ಮೊದಲ ಫಲಗಳು ೨೦೨೩ರಲ್ಲಿ ಕೆಲವೇ ರೋಗಿಗಳಿಂದ ಬಂದವು. ಹುಟ್ಟಿನೊಡನೆ ಕೆಲವರಿಗೆ ದೊರೆತ ರಕ್ಷೆಯನ್ನು ಎಲ್ಲರಿಗೂ ಹಂಚುವ ಕನಸು ಇದು. ಆದರೆ ತಿದ್ದಿದ ಜೀನನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಆದುದರಿಂದ ಇಲ್ಲಿ ಆತುರ ಸಲ್ಲದು.

ಇಂಥ ಮಹತ್ತಾದ ಪ್ರಯೋಗಗಳ ಪಕ್ಕದಲ್ಲಿ ನಮ್ಮ ಊರಿನ ಒಂದು ಸಾಧಾರಣ ಪ್ರಯೋಗವನ್ನು ಇಟ್ಟು ನೋಡಬೇಕು. ರಕ್ತದೊತ್ತಡಕ್ಕೆ ಮೂರು, ಕೊಲೆಸ್ಟರಾಲಿಗೆ ಒಂದು, ಹೆಪ್ಪುಗಟ್ಟದಂತೆ ಆಸ್ಪಿರಿನ್ ಒಂದು—ಹಳೆಯ, ಅಗ್ಗದ ಐದು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದರೆ ಹೇಗೆ? ಸೇಂಟ್ ಜಾನ್ಸ್ ಸಂಸ್ಥೆಯವರು ಯೂಸುಫ್ ಅವರೊಡಗೂಡಿ ಭಾರತದ ೫೦ ಕೇಂದ್ರಗಳಲ್ಲಿ ೨,೦೫೩ ಮಂದಿಯ ಮೇಲೆ ಇದನ್ನು ಪರೀಕ್ಷಿಸಿ, ಗುಳಿಗೆ ಒತ್ತಡವನ್ನೂ ಕೊಲೆಸ್ಟರಾಲನ್ನೂ ಇಳಿಸುತ್ತದೆಂದು ೨೦೦೯ರಲ್ಲಿ ತೋರಿಸಿದರು. ೨೦೨೦ರ ದೊಡ್ಡ ಪರೀಕ್ಷೆಯಲ್ಲಿ ೫,೭೧೩ ಮಂದಿ ಇದ್ದರು. ಅರ್ಧಕ್ಕೆ ಸಮೀಪದಷ್ಟು ಮಂದಿ ಭಾರತೀಯರು. ಗುಳಿಗೆಯೊಡನೆ ಆಸ್ಪಿರಿನ್ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದುವು ಶೇಕಡ ೩೧ರಷ್ಟು ಕಡಿಮೆಯಾದುವು. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಗಳನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಯಾರೂ ತಾವಾಗಿ ಅಂಗಡಿಗೆ ನಡೆಯಬಾರದು; ಆಸ್ಪಿರಿನ್ನಿನಿಂದ ರಕ್ತಸ್ರಾವದ ಭಯವುಂಟು, ಯಾರಿಗೆ ಏನು ಬೇಕೆಂಬುದನ್ನು ವೈದ್ಯರೇ ಹೇಳಬೇಕು. ನಾನು ಹೇಳುವುದಿಷ್ಟೆ: ಹೊಸದಾದ ಏನನ್ನೂ ಕಂಡುಹಿಡಿಯದೆ, ಇದ್ದುದನ್ನೇ ಬೇಗ, ಬಹುಜನಕ್ಕೆ, ಬಹುಕಾಲ ಕೊಟ್ಟರೆ ಎಷ್ಟು ಜೀವ ಉಳಿಯಬಹುದೆಂದು ಈ ಪರೀಕ್ಷೆ ತೋರಿಸಿತು.

ನಮ್ಮ ನಾಡಿನ ಭಯ ಮಾತ್ರ ಇನ್ನೂ ಕೊನೆಯ ಗಳಿಗೆಯ ಸುತ್ತಲೇ ಇದೆ. ೨೦೨೧ರ ಅಕ್ಟೋಬರ್ ೨೯ರಂದು, ವ್ಯಾಯಾಮಪ್ರಿಯರಾಗಿದ್ದ ನಟ ಪುನೀತ್ ರಾಜ್‌ಕುಮಾರ್ ೪೬ರ ವಯಸ್ಸಿನಲ್ಲಿ ತೀರಿಕೊಂಡಾಗ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ನೆರೆದರು. ೨೦೨೫ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗಲೂ ಹಾಗೆಯೇ ಆಯಿತು. ಕಾರಣ ಏನಿರಬಹುದೆಂದು ನಾನಾ ಊಹಾಪೋಹಗಳೆದ್ದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಸಾವುಗಳ ಸಂಖ್ಯೆಯಲ್ಲಿ ಅಸಾಧಾರಣ ಏರಿಕೆ ಕಾಣಲಿಲ್ಲ. ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಾಗಿರುವುದು ಸ್ತುತ್ಯವಾದ ಕೆಲಸ. ಆಘಾತದ ಹೊತ್ತಿನಲ್ಲಿ ನಾಳವನ್ನು ತೆರೆಯುವುದೇ ಪ್ರಾಣದಾನ. ಆದರೆ ಸ್ಟೆಂಟು ಹಾಕಿ ಒಂದು ಕಡೆ ದಾರಿ ಬಿಡಿಸಿದ ಮಾತ್ರಕ್ಕೆ ಉಳಿದ ಗೋಡೆಯ ರೋಗ ಗುಣವಾಗುವುದಿಲ್ಲ. ತುರ್ತಿಲ್ಲದ ರೋಗಿಗಳಲ್ಲಿ ಆರಂಭದಲ್ಲಿಯೇ ಸ್ಟೆಂಟು, ಶಸ್ತ್ರಚಿಕಿತ್ಸೆಗಳಿಗೆ ಕೈಹಾಕುವುದರಿಂದ, ಔಷಧಿಗಿಂತ ಹೆಚ್ಚಾಗಿ, ಮರಣವೇನೂ ತಗ್ಗಲಿಲ್ಲವೆಂದು ೨೦೧೯ರ ಐದು ಸಾವಿರ ರೋಗಿಗಳ ಪರೀಕ್ಷೆ ಹೇಳಿದೆ. ಕೊಳಾಯಿಯ ಉಪಮೆಯನ್ನು ನಂಬಿದವರಿಗೆ ಇದು ಒಗಟು. ಗೋಡೆಯನ್ನು ಅರಿತವರಿಗೆ ಸಹಜ.

ಈ ಪುಟವನ್ನು ಓದುವವರಲ್ಲಿ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಬಹಳ ಮಂದಿ. ಹೃದ್ರೋಗ ತಮ್ಮ ತಂದೆತಾಯಿಗಳ ಚಿಂತೆಯೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜ. ಆದರೆ ಕೊರಿಯದ ಆ ಸೈನಿಕರು ಅವರ ವಯಸ್ಸಿನವರೇ. ಇಪ್ಪತ್ತರಲ್ಲಿ ಸೇದದೆ ಬಿಟ್ಟ ಸಿಗರೇಟು, ಮೂವತ್ತರಲ್ಲಿ ಒಮ್ಮೆ ಅಳೆಯಿಸಿದ ರಕ್ತದೊತ್ತಡ, ಸಕ್ಕರೆ, ಎಲ್.ಡಿ.ಎಲ್., ಮನೆಯಲ್ಲಿ ಗರ್ಭಿಣಿಯ ತ‌ಟ್ಟೆಗೆ ಮೊದಲು ಬಡಿಸಿದ ಊಟ—ಇವು ಯಾವ ಜೀನಿನ ಪ್ರಯೋಗಕ್ಕೂ ಕಡಿಮೆಯಲ್ಲದ ಚಿಕಿತ್ಸೆಗಳು. ಇವುಗಳಿಗೆ ಖರ್ಚು ಅಲ್ಪ. ಬೇಕಾದದ್ದು ಕಾಲ, ಮತ್ತು ಆ ಕಾಲ ಯೌವನದಲ್ಲಿಯೇ ಕೈಯಲ್ಲಿರುತ್ತದೆ.